ಕಹಿಯಮ್ಮ

ನಮ್ಮ ಅತ್ತಿಗೆಯನ್ನು ಕಾರ್ಖಾನೆಯಲ್ಲಿ ಎಲ್ಲರೂ ಕಹಿಯಮ್ಮ ಎನ್ನುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವರೂ ಓಗೊಡುತ್ತಾರೆ. ನಾಲಿಗೆ ಕಹಿ ಎಂದು ಬಂದ ಹೆಸರಲ್ಲ ಅದು. ಅವರ ಕೆಲಸವೇ ಅಂಥದ್ದು.

ನಮ್ಮದು ಬಣ್ಣಕ್ಕೆ ಬೆರೆಸುವ ನ್ಯಾನೋ ಪುಡಿ ಮಾಡುವ ಕಾರ್ಖಾನೆ. ನಾನು ಡಬ್ಬಗಳಿಗೆ ಚೀಟಿ ಅಂಟಿಸುತ್ತೇನೆ. ನನ್ನ ಅಣ್ಣ, ಅಂದರೆ ಅತ್ತಿಗೆಯ ಗಂಡ, ಪುಡಿ ಕೋಣೆಯಲ್ಲಿದ್ದ. ಆ ಪುಡಿ ಎಷ್ಟು ನಯವೆಂದರೆ, ಒಂದು ತಲೆಗೂದಲಿನ ದಪ್ಪದಲ್ಲಿ ಸಾವಿರ ಕಣ ಸಾಲಾಗಿ ನಿಂತಾವು. ಮಾಮೂಲಿ ಧೂಳಾದರೆ ಬಹುಪಾಲು ಮೂಗಿನಲ್ಲೋ ಗಂಟಲಿನಲ್ಲೋ ಸಿಕ್ಕಿಕೊಂಡು, ಸೀನಿದರೆ ಕೆಮ್ಮಿದರೆ ಆಚೆ ಬರುತ್ತದೆ. ಇದು ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ಪ್ರಯೋಗಾಲಯದಲ್ಲಿ ಇಂಥ ಪುಡಿ ಉಸಿರಾಡಿದ ಇಲಿಗಳ ಶ್ವಾಸಕೋಶ ಊದಿಕೊಂಡಿತ್ತಂತೆ, ಹಾಗೆಂದು ನಮ್ಮ ಕಾರ್ಖಾನೆಯ ಡಾಕ್ಟರಮ್ಮ ಹೇಳಿದ್ದರು. ಮನುಷ್ಯರಿಗೆ ಮುಂದೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ "ಇನ್ನೂ ಸರಿಯಾಗಿ ಗೊತ್ತಿಲ್ಲ" ಎಂದರು. ಸದ್ಯ, ಬಚಾವಾದೆವು ಎಂದುಕೊಂಡರು ಅರ್ಧ ಜನ. ಅತ್ತಿಗೆಗೆ ಭಯ ಹತ್ತಿದ್ದೇ ಆ ಮಾತಿನಿಂದ.

ಪುಡಿ ಕೋಣೆಗೆ ಹೋಗುವವರ ಮಾಸ್ಕು ಮುಖಕ್ಕೆ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸುವುದು ಅತ್ತಿಗೆಯ ಕೆಲಸ. ಮೊದಲು ಮಾಸ್ಕಿಲ್ಲದೆ ತಲೆಗೊಂದು ಪಾರದರ್ಶಕ ಚೀಲ ಇಳಿಬಿಟ್ಟು, ಒಳಗೆ ಕಹಿ ನೀರನ್ನು ಮಂಜಿನಂತೆ ಸಿಂಪಡಿಸುತ್ತಾರೆ. ಆ ಕಹಿ ಹೇಗಿರುತ್ತದೆ ಎಂದು ನಾಲಿಗೆಗೆ ಗೊತ್ತಾಗಬೇಕು. ಆಮೇಲೆ ಮಾಸ್ಕು ತೊಡಿಸಿ ಮತ್ತೆ ಸಿಂಪಡಿಸುತ್ತಾರೆ. ಈಗಲೂ ಕಹಿ ತಾಗಿದರೆ ಎಲ್ಲೋ ಸಂದಿಯಿದೆ ಎಂದರ್ಥ. ಗಡ್ಡ ಒಂದು ದಿನ ಬೆಳೆದಿದ್ದರೂ ವಾಪಸ್ ಕಳಿಸುವರು. "ಹೆಣ್ಣು ಕೊಡೋರು ಕೂಡ ನನ್ ಮುಖಾನ ಇಷ್ಟು ಹತ್ರದಿಂದ ನೋಡಿರ್ಲಿಲ್ಲ, ಕಹಿಯಮ್ಮ" ಎಂದು ಒಬ್ಬ ಗೊಣಗಿದ್ದ. "ನೋಡಿದ್ರೆ ಕೊಡ್ತಿರ್ಲಿಲ್ಲ ಬಿಡು" ಎಂದರು ಅತ್ತಿಗೆ.

ಆ ವರ್ಷ ಪುಡಿ ಕೋಣೆಯ ಮೇಸ್ತ್ರಿ ನಿವೃತ್ತನಾಗುವವನಿದ್ದ. ಮುಂದಿನ ಮೇಸ್ತ್ರಿ ನಮ್ಮಣ್ಣನೇ ಎಂದು ಎಲ್ಲರ ಬಾಯಲ್ಲೂ ಇತ್ತು. ಕೆಲಸಕ್ಕೆ ಸೇರಿದಂದಿನಿಂದ ಅವನು ಬಯಸಿದ್ದು ಅದೊಂದನ್ನೇ. ಆದರೆ ಅದೇ ಬೇಸಿಗೆಯಲ್ಲಿ ಎರಡೂ ಕಡೆಯ ದವಡೆ ಹಲ್ಲು ಕೀಳಿಸಿದ್ದ. ಕೆನ್ನೆ ಒಳಕ್ಕೆ ಹೋಗಿ ಮಾಸ್ಕು ಸಡಿಲವಾಗಿತ್ತು. ಅದು ಅವನಿಗೂ ಗೊತ್ತಿತ್ತು. ಪರೀಕ್ಷೆಯ ದಿನ ಬೆಳಿಗ್ಗೆ ಬಾಯಿ ತುಂಬ ಲವಂಗ ಅಗಿಯುತ್ತಿದ್ದ. ಪಾಪ, ಹಲ್ಲುನೋವು ಎಂದುಕೊಂಡೆ ನಾನು. ಅವನೋ, ನಾಲಿಗೆ ಮರಗಟ್ಟಿದರೆ ಕಹಿ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದ್ದ.

ಪರೀಕ್ಷೆ ನಡೆಯುವುದು ನನ್ನ ಮೇಜಿನ ಎದುರಿಗೇ. ಅಣ್ಣ ಚಾಪೆಯ ಕೆಳಗೆ ತೂರಿದರೆ ಅತ್ತಿಗೆ ರಂಗೋಲಿಯ ಕೆಳಗೆ ತೂರುವವರು. ಚೀಲ ಇಳಿಬಿಡಲು ಬಗ್ಗಿದಾಗ ಲವಂಗದ ವಾಸನೆ ಹೊಡೆದಿರಬೇಕು, ಬೇರೆ ಸೀಸೆ ತೆಗೆದು ಸಿಂಪಡಿಸಿದರು.

"ಗೊತ್ತಾಯ್ತಾ?"

"ಅಯ್ಯೋ, ಏನ್ ಕಹಿ! ಬಾಯೆಲ್ಲಾ ಕೆಟ್ಟೋಯ್ತು!" ಅಣ್ಣ ಮುಖ ಕಿವುಚಿದ.

"ಅದು ಕುಡಿಯೋ ನೀರು ಕಣ್ರೀ" ಎಂದರು ಅತ್ತಿಗೆ.

ಸಾಲಿನಲ್ಲಿ ನಿಂತವರು ಬಿದ್ದು ಬಿದ್ದು ನಕ್ಕರು. ಅಣ್ಣನ ಮುಖ ಇಂಗು ತಿಂದ ಮಂಗನಂತಾಗಿತ್ತು. ಬಾಯಿ ತೊಳೆದುಕೊಂಡು ಊಟ ಆದ ಮೇಲೆ ಬನ್ನಿ ಎಂದು ಕಳಿಸಿದರು. ಮಧ್ಯಾಹ್ನ ಕಾರ್ಖಾನೆಯಲ್ಲಿದ್ದ ಎಲ್ಲ ಅಳತೆಯ ಮಾಸ್ಕುಗಳನ್ನೂ ಅತ್ತಿಗೆ ತಮ್ಮ ಕೈಯಾರೆ ತೊಡಿಸಿ, ಪಟ್ಟಿ ಎಳೆದು, ಸಡಿಲಿಸಿ, ಮತ್ತೆ ಎಳೆದು ನೋಡಿದರು. ಪ್ರತಿ ಸಲವೂ ಕಹಿ ತಾಗಿ ಅಣ್ಣ ಕೆಮ್ಮುತ್ತ ಕೈಯೆತ್ತಿದ. ಕೊನೆಗೆ ಅತ್ತಿಗೆ ಪುಡಿ ಕೋಣೆಗೆ ಇವರು ಹೋಗುವಂತಿಲ್ಲ ಎಂದು ಬರೆದು ಸಹಿ ಹಾಕಿದರು. ಅಣ್ಣ ಉಗ್ರಾಣಕ್ಕೆ ಹೋದ. ಮೇಸ್ತ್ರಿ ಪಟ್ಟ ಬೇರೆಯವನ ಪಾಲಾಯಿತು.

ನನಗೆ ಮೈಯೆಲ್ಲ ಉರಿಯಿತು. ಒಡಹುಟ್ಟಿದವನಲ್ಲವೇ? ಮನೆಗೆ ಬಂದವಳೇ ಅಡುಗೆಮನೆಯಲ್ಲಿ ಜಗಳ ತೆಗೆದೆ. "ಒಂದ್ ಸಹಿ, ಅತ್ತಿಗೆ! ಕಣ್ಮುಚ್ಚಿ ಹಾಕಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು?"

"ಡಾಕ್ಟರಮ್ಮ ಏನಂದ್ರು? ಗೊತ್ತಿಲ್ಲ ಅಂದ್ರು ತಾನೇ?" ಅವರು ಒಲೆಯ ಕಡೆಯಿಂದ ತಿರುಗಲಿಲ್ಲ. "ಏನಾಗುತ್ತೆ ಅಂತ ಅವ್ರಿಗೆ ಗೊತ್ತಾಗೋವರೆಗೂ ಕಾಯ್ತಾ, ನಿಮ್ಮಣ್ಣನ್ನ ಆ ಪುಡಿಗೆ ಕೊಡ್ಲಾ? ನನ್ ಕೈಲಾಗಲ್ಲ ಕಣೇ. ಬೈಕೊಳ್ಲಿ, ಮಾತು ಬಿಡ್ಲಿ. ಉಸಿರಾಡ್ಕೊಂಡು ಮಾತು ಬಿಡ್ಲಿ." ಹೇಳುತ್ತಲೇ ಅತ್ತರು. ನಾನು ಸೌಟು ಅವರ ಕೈಯಿಂದ ತೆಗೆದುಕೊಂಡೆ.

ಅಣ್ಣ ನಿಜಕ್ಕೂ ಮಾತು ಬಿಟ್ಟ. ಬಡಿಸಿದರೆ ಉಣ್ಣುತ್ತಿದ್ದ, ಕೇಳಿದರೆ ಹ್ಞೂಂಗುಡುತ್ತಿದ್ದ, ಅಷ್ಟೇ. ಅತ್ತಿಗೆ ಒಂದು ದಿನವೂ ಸಮಜಾಯಿಷಿ ಹೇಳಲಿಲ್ಲ. ಅವರ ಆ ಗಟ್ಟಿತನ ಕಂಡು ನನಗೆ ಇವರು ನಮ್ಮ ಮನೆಯವರು ಎಂದು ಎಲ್ಲರಿಗೂ ಕೂಗಿ ಹೇಳಬೇಕೆನಿಸುತ್ತಿತ್ತು.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಉಣ್ಣುತ್ತಿದ್ದೆವು. ಹೊಸ ಮೇಸ್ತ್ರಿ ಅಣ್ಣನ ಬೆನ್ನು ತಟ್ಟಿ, "ಏನಣ್ಣ, ಕೈಗೆ ಬಂದಿದ್ದನ್ನ ಹೆಂಡ್ತೀನೇ ಬಾಯಿಗೆ ಬರದ ಹಾಗೆ ಮಾಡಿಬಿಟ್ರಲ್ಲ!" ಎಂದು ನಕ್ಕ. ನಾನು ಅಣ್ಣನ ಮುಖವನ್ನೇ ನೋಡಿದೆ. ಅತ್ತಿಗೆ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಆ ಕುರ್ಚಿಗೆ ಹತ್ತು ಜನ ಸಿಕ್ತಾರೆ ಕಣಯ್ಯ" ಎಂದ ಅಣ್ಣ, ಬಾಯಲ್ಲಿ ತುತ್ತು ಇಟ್ಟುಕೊಂಡೇ, ಇಡೀ ಕ್ಯಾಂಟೀನಿಗೆ ಕೇಳುವಂತೆ. "ಅವಳಿಗೆ ಗಂಡ ಅಂತ ಇರೋನು ನಾನೊಬ್ಬನೇ."

ಅತ್ತಿಗೆ ನೀರಿನ ಲೋಟ ಅವನ ಕಡೆ ಸರಿಸಿದರು. "ಮೊದ್ಲು ನುಂಗ್ರೀ. ಗಂಟಲಿಗೆ ಸಿಕ್ಕೊಂಡೀತು."