ಅಕ್ಕನ ಉರಿಗೆ ನರಸೀಪುರದ ಔಷಧಿ

ಅಕ್ಕನನ್ನು ನರಸೀಪುರದ ಆಸ್ಪತ್ರೆಗೆ ತೋರಿಸಲು ನಾವಿಬ್ಬರೂ ದೇವನೂರಿನಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಟೆವು. ಬಿಸಿಲೇರಿ ಬೆವರಿದರೆ ಅಕ್ಕನ ಮುಖ, ಕತ್ತು ಉರಿಯತೊಡಗುತ್ತವೆ. ಚರ್ಮ ಕೆಂಪಗಾಗಿ, ತುರಿಸಿ ತುರಿಸಿ ಸಿಪ್ಪೆ ಏಳುವ ಈ ಕಾಯಿಲೆ ಶುರುವಾದ ಮೇಲೆ ಗಂಡನ ಮನೆಯವರು ಅವಳಿಗೆ ತಟ್ಟೆ ಬೇರೆ ಮಾಡಿದರು, ಆಮೇಲೆ ಹಾಸಿಗೆ ಬೇರೆ ಮಾಡಿದರು, ಕೊನೆಗೆ ತವರಿಗೇ ಸಾಗಹಾಕಿದರು. ನಾನು ಮೈಸೂರಿನಲ್ಲಿ ಕೆಲಸಕ್ಕಿರುವವಳು, ಅಪರೂಪಕ್ಕೆ ಊರಿಗೆ ಬರುತ್ತೇನೆ. ಅಕ್ಕನನ್ನು ಮುಟ್ಟುವವಳು ಈಗ ಅವ್ವ ಒಬ್ಬಳೇ. ದಿನಾ ಸಂಜೆ ಹರಳೆಣ್ಣೆ ಬೆಚ್ಚಗೆ ಮಾಡಿ ನೆತ್ತಿಯಿಂದ ಕತ್ತಿನವರೆಗೂ ತಿಕ್ಕುತ್ತಾಳೆ, ಉಷ್ಣ ಇಳಿಯಲೆಂದು.

ಹೆಂಗಸರಿಗೆ ಬಸ್ಸು ಉಚಿತ. ಕಂಡಕ್ಟರ್ ನನ್ನ ಟಿಕೆಟ್ಟನ್ನು ಕೈಗೆ ಕೊಟ್ಟ, ಅಕ್ಕನದನ್ನು ಸೀಟಿನ ಮೇಲಿಟ್ಟ. ಗಾಳಿಗೆ ಅದು ಹಾರಿ ಕಾಲಡಿ ಬಿತ್ತು. ನನಗೆ ರೇಗಿಹೋಯಿತು.

"ಸುಮ್ನಿರು, ಅವನ್ಗೂ ಮನೇಲಿ ಮಕ್ಳವೆ" ಎಂದು ಅಕ್ಕನೇ ಬಗ್ಗಿ ಎತ್ತಿಕೊಂಡಳು.

ನಂಜನಗೂಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಇಡ್ಲಿ ತಿಂದೆವು. ಅಕ್ಕ ಹೋಟೆಲಿನ ಲೋಟ ಮುಟ್ಟಲಿಲ್ಲ, ಮನೆಯಿಂದ ತಂದ ಬಾಟಲಿಯಲ್ಲೇ ನೀರು ಕುಡಿದಳು. ಅಲ್ಲಿಂದ ನರಸೀಪುರಕ್ಕೆ ಮೂವತ್ತು ಕಿಲೋಮೀಟರಿನ ಆಸುಪಾಸು. ಬಸ್ಸು ನಿಂತಲ್ಲೆಲ್ಲ ಜನ ಹತ್ತಿದರು. ಮೂರು ಜನರ ಸೀಟಿನಲ್ಲಿ ನಾವಿಬ್ಬರೇ ಕೂತು ಹೋದೆವು.

ಚರ್ಮದ ಡಾಕ್ಟರು ನಡುವಯಸ್ಸಿನ ಹೆಂಗಸು. ಬರಿಗೈಯಲ್ಲೇ ಅಕ್ಕನ ಗಲ್ಲ ಹಿಡಿದು ತಿರುಗಿಸಿ ನೋಡಿದರು. ಅಕ್ಕನ ಕಣ್ಣು ತುಂಬಿಬಂತು.

"ಇದು ಅಂಟೋ ಕಾಯಿಲೆ ಅಲ್ಲಮ್ಮ. ಯೀಸ್ಟ್ ಅಂತ ಕಣ್ಣಿಗೆ ಕಾಣದ ಬೂಷ್ಟು ಎಲ್ಲರ ಚರ್ಮದ ಮೇಲೂ ಇರುತ್ತೆ, ನನ್ನ ಮೇಲೂ ಇದೆ. ನಿಮ್ಮ ಮೈಗೆ ಮಾತ್ರ ಅದು ಆಗಿಬರಲ್ಲ, ಅದಕ್ಕೇ ಹೀಗೆ ಕೆರಳುತ್ತೆ."

"ಎಲ್ರ ಮೇಲೂ ಇದ್ರೆ ನನ್ಗೊಬ್ಳಿಗೇ ಯಾಕ್ ಮೇಡಮ್ಮೋರೆ ಇಂಗೆ?"

ಅವರು ಅಕ್ಕನ ಕೂದಲು ಸರಿಸಿ ನೆತ್ತಿ ನೋಡಿದರು. ತಲೆಗೆ ಎಣ್ಣೆ ಹಚ್ಚುತ್ತೀರಾ ಎಂದು ಕೇಳಿದರು.

"ದಿನಾ ಅವ್ವ ಅಚ್ತಾಳೆ."

"ಇವತ್ತಿಂದಲೇ ನಿಲ್ಲಿಸಿ. ಆ ಬೂಷ್ಟು ಬೆಳೆಯೋದೇ ಜಿಡ್ಡು ತಿಂದು."

ಮುಲಾಮು, ಶಾಂಪೂ ಬರೆದುಕೊಟ್ಟರು. ಪೂರ್ತಿ ವಾಸಿಯಾಗುತ್ತದೆಂದು ಹೇಳಲಿಲ್ಲ, ಹತೋಟಿಗೆ ಬರುತ್ತದೆ ಎಂದರು.

ವಾಪಸು ಬರುವಾಗ ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ಅಕ್ಕ ಸೆರಗಿನಿಂದ ಕತ್ತು ಒತ್ತಿಕೊಳ್ಳುತ್ತಾ ಕೂತಿದ್ದಳು. ನಂಜನಗೂಡು ದಾಟಿದ ಮೇಲೆ ಬಾಯಿಬಿಟ್ಟಳು.

"ಎಣ್ಣೆಯಿಂದ ಜಾಸ್ತಿ ಆಯ್ತು ಅಂತ ಅವ್ವಂಗೆ ಏಳ್ಬ್ಯಾಡ."

"ಹೇಳ್ದೆ ನಿಲ್ಸೋದೆಂಗೆ?"

"ಅದೂ ನಿಂತೋದ್ರೆ ನನ್ನ ಮುಟ್ಟೋರು ಯಾರೇ?"

ಮನೆ ಸೇರಿದಾಗ ಅವ್ವ ಜಗಲಿಯ ಮೇಲೆ ಎಣ್ಣೆ ಬಟ್ಟಲು ಇಟ್ಟುಕೊಂಡು ದಾರಿ ಕಾಯುತ್ತಿದ್ದಳು. ಡಾಕ್ಟರು ಏನೆಂದರು ಎಂದು ಕೇಳಿದಳು.

"ಅಂಟೋ ಕಾಯ್ಲೆ ಅಲ್ವಂತೆ ಕಣವ್ವ."

ಅಷ್ಟು ಹೇಳಿ ಅಕ್ಕ ಅವಳ ಮುಂದೆ ಕೂತು ಜಡೆ ಬಿಚ್ಚಿದಳು. ಔಷಧಿಯ ಚೀಲ ನನ್ನ ಕೈಯಲ್ಲೇ ಇತ್ತು. ಹೇಳಲೇಬೇಕೆಂದು ಎರಡು ಹೆಜ್ಜೆ ಮುಂದೆ ಬಂದೆ, ಆದರೆ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡೆ. ಅವ್ವ ಬಟ್ಟಲಿಗೆ ಬೆರಳದ್ದಿದಳು. ಅಕ್ಕ ಕಣ್ಣು ಮುಚ್ಚಿಕೊಂಡಳು.