ಮೇಷ್ಟ್ರು ತೆಗೆಯದ ಅಗುಳಿ

ಕಂಠಪ್ಪ ಮೇಷ್ಟ್ರು ನಮ್ಮ ಬೀದಿಗೆ ಬರುವುದಿಲ್ಲ. ಕೆರೆಗೆ ಹೋಗಬೇಕಾದರೂ ಕಣಗಳನ್ನು ಸುತ್ತಿಕೊಂಡು ಹೋಗುತ್ತಾರೆ. ನಾನು ನಾಲ್ಕನೇ ಕ್ಲಾಸಿನವರೆಗೆ ಅವರ ಹತ್ತಿರ ಓದಿ ಬಿಟ್ಟೆ. ಅಷ್ಟು ಕಾಲದಲ್ಲಿ ಅವರು ಒಮ್ಮೆಯೂ ನನ್ನನ್ನು ಹೊಡೆಯಲಿಲ್ಲ, ಮುಖ ನೋಡಿ ಮಾತಾಡಲೂ ಇಲ್ಲ. ಕಾರಣ ನಮ್ಮಕ್ಕ ನೀಲಾಂಬಿಕೆ. ಆಗ ನಾನು ತೊಟ್ಟಿಲಲ್ಲಿದ್ದೆ. ಅವ್ವ, ಅಕ್ಕ ಹೇಳಿದ್ದಕ್ಕೆ ಏನನ್ನೂ ಸೇರಿಸದೆ ಬರೆಯುತ್ತಿದ್ದೇನೆ.

ಮೇಷ್ಟ್ರು ಪಿರಿಯಾಪಟ್ಟಣದ ಕಡೆಯವರು. ನಮ್ಮೂರಿಗೆ ಬಂದ ಹೊಸತರಲ್ಲಿ ಒಂದು ಹೆಣ್ಣುಮಗುವಾದರೂ ಓದಲಿ ಎಂದು ಮನೆಮನೆ ತಿರುಗಿದರು. ನಮ್ಮಪ್ಪ ಪುಟ್ಟಮಲ್ಲಪ್ಪ ಒಪ್ಪಿರಲಿಲ್ಲ.

“ಹೆಣ್ಣುಮಗ ಕಣ್ರೀ ಮೇಷ್ಟ್ರೇ. ಏನಾರ ಆದ್ರೆ ಯಾರು ಜವಾಬ್ದಾರಿ?”

“ನಾನಿದ್ದೀನಲ್ಲ.”

ಆ ಮಾತು ನಂಬಿ ಅಪ್ಪ ಅಕ್ಕನನ್ನು ಕಳಿಸಿದ. ಸ್ಕೂಲಿನಲ್ಲಿ ಅವಳೊಬ್ಬಳೇ ಹುಡುಗಿ.

ನಮ್ಮೂರು ವೀರನಹೊಸಹಳ್ಳಿಯ ಆಚೆ, ಕಾಡಿನ ಅಂಚಿಗಿದೆ. ಮರ ಎಳೆಯುವ ಸರ್ಕಾರದ ಆನೆಗಳನ್ನು ಕೆಲಸ ಮುಗಿದ ಮೇಲೆ ಕೊರಳಿಗೆ ಮರದ ಗಂಟೆ ಕಟ್ಟಿ ಮೇಯಲು ಬಿಡುತ್ತಾರೆ. ಮಾವುತರು ಸದ್ದು ಹಿಡಿದು ಹುಡುಕಿಕೊಳ್ಳುತ್ತಾರೆ. ಗಂಟೆ ಕೇಳಿದರೆ ಸಾಕಿದ್ದು, ಕೇಳದಿದ್ದರೆ ಕಾಡಿನದು. ಇದು ಇಲ್ಲಿ ಎಳೆಯ ಮಕ್ಕಳಿಗೂ ಗೊತ್ತು.

ಹಲಸು ಮಾಗುವ ಕಾಲ. ಅಕ್ಕ ಹಲಗೆ ತೊಳೆಯಲು ಬಾವಿಯ ಹತ್ತಿರ ಹೋಗಿದ್ದಳು. ಬಿದಿರು ಮೆಳೆಯಿಂದ ಆನೆಯೊಂದು ಸದ್ದಿಲ್ಲದೆ ಬಂದು ಸ್ಕೂಲಿನ ಮುಂದಿನ ಹಲಸಿನ ಮರದ ಕೆಳಗೆ ನಿಂತಿತು.

“ಗಂಟೆ ಸದ್ದೇ ಇಲ್ಲ ಕಣ್ರಲಾ! ಕಾಡಾನೆ!” ಎಂದು ಒಬ್ಬ ಹುಡುಗ ಕೂಗಿದ.

ಜಗಲಿಯ ಮೇಲಿದ್ದ ಮಕ್ಕಳನ್ನೆಲ್ಲ ಮೇಷ್ಟ್ರು ಒಳಗೆ ನೂಕಿ, ಬಾಗಿಲು ಮುಚ್ಚಿ ಅಗುಳಿ ಹಾಕಿದರು. ಒಳಗೆ ಅಳು, ಅರಚಾಟ. ಅಷ್ಟರಲ್ಲಿ ಅಕ್ಕ ಓಡಿ ಬಂದು ಬಾಗಿಲು ಬಡಿದಳು.

“ಮೇಷ್ಟ್ರೇ, ನಾನು ನೀಲ. ಬಾಗ್ಲು ತಗೀರಿ.”

ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ಕೂಗಿದಳು. ಮತ್ತೆ ಕೂಗಿದರೆ ಆನೆ ತನ್ನ ಕಡೆ ತಿರುಗೀತೆಂದು ಬಾಗಿಲಿಗೆ ಬೆನ್ನು ಒತ್ತಿ ಸುಮ್ಮನೆ ನಿಂತಳು. ಆನೆ ಹಣ್ಣು ಕಿತ್ತು, ಕಾಲಲ್ಲಿ ಮೆಟ್ಟಿ ಒಡೆದು ತಿನ್ನುತ್ತಿತ್ತು.

ಕೊನೆಗೆ ಮಾವುತ ಕರಿಯಯ್ಯ ಓಡಿ ಬಂದ. “ಲೇ ರಂಭೆ, ಕಳ್ಳಿ, ಇಲ್ಲಿದ್ದೀಯಾ!” ಎಂದು ಅದರ ಕಿವಿ ಹಿಡಿದ. ಕೆರೆಯಲ್ಲಿ ಹೊರಳಿದ್ದಕ್ಕೆ ಕೊರಳ ಗಂಟೆಯೊಳಗೆ ಕೆಸರು ತುಂಬಿಕೊಂಡಿತ್ತು. ಕಡ್ಡಿಯಿಂದ ಅದನ್ನು ಕೆರೆದು ತೆಗೆದು, ಬಾಗಿಲ ಕಡೆ ತಿರುಗಿ ಗಂಟೆ ಅಲ್ಲಾಡಿಸಿದ.

“ಈಚೆ ಬನ್ನಿ ಮೇಷ್ಟ್ರೇ! ಇವ್ಳೂ ಸರ್ಕಾರದ ಅನ್ನ ತಿನ್ನೋಳೇ ಕಣ್ರೀ, ನಿಮ್ಮಂಗೇ!”

ಗಲಾಟೆ ಕೇಳಿ ಸೇರಿದ್ದ ಜನ ಬಿದ್ದುಬಿದ್ದು ನಕ್ಕರು. ಬಾಗಿಲು ತೆರೆಯಿತು. ಅಕ್ಕ ನಗಲಿಲ್ಲ, ಅಳಲಿಲ್ಲ. ಮೇಷ್ಟ್ರ ಮುಖವನ್ನೊಮ್ಮೆ ನೋಡಿ ಮನೆಗೆ ನಡೆದಳು.

ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಅಪ್ಪ ಚಾಪೆ ಹಾಸಿ ಕೂರಿಸಿದ.

“ನೀಲನ್ನ ನಾಳೆ ಕಳಿಸ್ತೀರಾ?” ಎಂದು ಕೇಳಿದರು.

“ಪ್ರಾಣ ಯಾರ್ಗೆ ಬ್ಯಾಡ, ಬುಡಿ ಮೇಷ್ಟ್ರೇ,” ಎಂದ ಅಪ್ಪ. “ಆದ್ರೆ ಇವ್ಳು ಬಂದಾಗಿಂದ ಒಂದೇ ಮಾತು ಕೇಳ್ತಾವ್ಳೆ. ನಾ ಕೂಗಿದ್ದು ಮೇಷ್ಟ್ರಿಗೆ ಕೇಳಿಸ್ತಾ ಅಂತ. ಐಕ್ಳು ಅರಚ್ತಿದ್ವು, ಕೇಳಿಸ್ಲಿಲ್ಲ ಅಂದ್ಬುಡಿ. ನಾಳೆ ನಾನೇ ಕರ್ಕಬತ್ತೀನಿ.”

ಅಕ್ಕ ಕಂಬದ ಮರೆಯಲ್ಲಿ ನಿಂತಿದ್ದಳು. ಹಾಗೆ ಹೇಳಿದ್ದರೆ ನಂಬಿಬಿಡುತ್ತಿದ್ದೆ ಎಂದು ಈಗಲೂ ಹೇಳುತ್ತಾಳೆ. ಮೇಷ್ಟ್ರು ತಲೆ ಬಗ್ಗಿಸಿಕೊಂಡೇ ಕಂಬದ ಕಡೆ ತಿರುಗಿದರು.

“ಕೇಳಿಸ್ತು ಕಣವ್ವ. ನೀನೇ ಅಂತಾನೂ ಗೊತ್ತಾಯ್ತು. ಕೈ ಅಗುಳಿ ಮೇಲೇ ಇತ್ತು. ತೆಗೀಲಿಲ್ಲ.”

“ಅಂಗಾರೆ ನಾನು ಬರಲ್ಲ,” ಎಂದಳು ಅಕ್ಕ.

“ಏಯ್, ದೊಡ್ಡೋರಿಗೆ ಅಂಗೆಲ್ಲ…” ಎಂದು ಅಪ್ಪ ಎದ್ದ.

“ಬೈಬೇಡಿ. ಅವಳು ಸರಿಯಾಗೇ ಹೇಳಿದ್ಲು.”

ಅವ್ವ ಮಜ್ಜಿಗೆ ತಂದುಕೊಟ್ಟಳು. ಬೇಡ ಅಂದರೆ ಕೋಪವೆಂದುಕೊಂಡಾರೆಂದೋ ಏನೋ, ಮೇಷ್ಟ್ರು ನಿಂತೇ ಕುಡಿದರು. ಅವಸರಕ್ಕೆ ಅರ್ಧ ಅಂಗಿಯ ಮೇಲೆ ಚೆಲ್ಲಿತು. ಒರೆಸಿಕೊಳ್ಳದೆ ಹೊರಟರು.

ಅಪ್ಪ ಅಕ್ಕನನ್ನು ಬಲವಂತ ಮಾಡಲಿಲ್ಲ. ಅವಳ ಓದು ಕಾಗುಣಿತಕ್ಕೇ ನಿಂತಿತು.