ಹೊಳೆದಂಡೆಯ ಹಳದಿ ದಾರ

ತಮಿಳುನಾಡಿನ ಬೋಡಿನಾಯಕನೂರಿನ ಹೊಳೆದಂಡೆ. ಇಂದು ತಮಿಳರ ಆಡಿ ತಿಂಗಳ ಹದಿನೆಂಟನೇ ದಿನ; ತುಂಬಿದ ನೀರಿಗೆ ಪೂಜೆ ಮಾಡಿ ಮುತ್ತೈದೆಯರು ತಾಳಿಯ ಹಳದಿ ದಾರ ಬದಲಿಸುವ ಹಬ್ಬ. ಪಕ್ಕದಲ್ಲಿ ಅತ್ತೆ ಸೊಸೆ ಕನ್ನಡ ಮಾತಾಡುತ್ತಿದ್ದರು. ಖುಷಿಯಾಗಿ ಮಾತಾಡಿಸಹೊರಟವಳು, ಅವರ ಮಾತು ಕಿವಿಗೆ ಬಿದ್ದು ಅಲ್ಲೇ ನಿಂತೆ.

"ಹೊಸ ದಾರ ಬ್ಯಾಡ ಅತ್ತೆ. ಹೋದ ಆಡಿಗೆ ಮುಂಚೆ ಏಲಕ್ಕಿ ತೋಟಕ್ಕೆ ಹೋದೋರು ಇನ್ನೂ ಬಂದಿಲ್ಲ. ಅವ್ರು ಇದಾರೋ ಇಲ್ವೋ, ಯಾರಿಗ್ ಗೊತ್ತು?" ಎಂದಳು ಸೊಸೆ.

"ಹೆಣ ನೋಡ್ದೆ ನನ್ ಮಗ ಸತ್ತ ಅನ್ನಕಾಯ್ತದಾ? ತಲೆ ಬಗ್ಸು ತಾಯಿ."

ಸೊಸೆ ಬಗ್ಗಿದಳು. ಮುದುಕಿ ಎರಡು ಮೂರು ಸಲ ಕಟ್ಟಿದರೂ ಗಂಟು ಬೀಳಲೇ ಇಲ್ಲ. ಕೊನೆಗೆ ಸೊಸೆಯೇ ದಾರದ ತುದಿಗಳನ್ನು ಆ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡು, ಹೊಳೆಯತ್ತ ನೋಡುತ್ತಾ ತಾನೇ ಕಟ್ಟಿಕೊಂಡಳು.

ಸುತ್ತ ಎಲ್ಲರೂ ಚಿತ್ರಾನ್ನದ ಬುತ್ತಿ ಬಿಚ್ಚಿದರು. ಇವರದು ಕಟ್ಟಿದ ಹಾಗೇ ಇತ್ತು.